‘ಸಂಶೋಧನೆ ಹೇಳಿದೆ’ ಅಂತ ಬರೆದ್ರೆ ಸಾಲದು, ಯಾರ ಬಾಯಿ ನೋಡಿ ಹೇಳಿದೆ ಅಂತಾನೂ ಬರೀರಿ

ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುರವಣಿಲಿ ಹಲ್ಲಿನ ಆರೈಕೆ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸಲೇಬೇಕು ಅಂತ ಸಂಶೋಧನೆಗಳು ಸಾಬೀತು ಮಾಡಿವೆ, ಹಲ್ಲು ನೋವು ಬಂದ್ರೆ ಮೊದಲು ಆಂಟಿಬಯಾಟಿಕ್ ಕೋರ್ಸ್ ಮುಗಿಸಿ ಆಮೇಲೆ ಡೆಂಟಿಸ್ಟ್ ಹತ್ರ ಹೋಗಿ, ಹೀಗೆ. ನಾನು ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಊರಲ್ಲಿ ಡೆಂಟಲ್ ಕ್ಲಿನಿಕ್ ಇಟ್ಕೊಂಡಿರೋನು. ನಿಮ್ಮ ಪೇಪರ್ ನಮ್ಮ ಕಡೆ ಎಲ್ಲರ ಮನೆಗೂ ಬರುತ್ತೆ, ಅದ್ರಲ್ಲಿ ಬಂದಿದ್ದನ್ನ ಜನ ನಂಬ್ತಾರೆ, ಪೇಪರ್ ಕಟಿಂಗ್ ಅಂಗಿ ಜೇಬಲ್ಲಿ ಮಡಚಿಟ್ಕೊಂಡು ಬಂದು ‘ಸಾರ್ ಇಲ್ಲಿ ಹಿಂಗೆ ಬರ್ದವ್ರಲ್ಲ’ ಅಂತ ತೋರಿಸ್ತಾರೆ. ಅದಕ್ಕೇ ಇಷ್ಟುದ್ದದ ಪತ್ರ. ಜಾಗ ಇಲ್ದಿದ್ರೆ ಕತ್ತರಿಸಿ ಹಾಕಿ, ಆದ್ರೆ ಆಂಟಿಬಯಾಟಿಕ್ ಭಾಗ ಮಾತ್ರ ಬಿಡಬೇಡಿ.

ಮೊದಲು ಆ ಆರು ತಿಂಗಳ ಲೆಕ್ಕ. 1977ರಲ್ಲೇ ಲಂಡನ್ನಿನ ಆಬ್ರಿ ಶೈಹಮ್ ಅನ್ನೋ ದಂತ ತಜ್ಞರು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ, ಆರು ತಿಂಗಳಿಗೊಮ್ಮೆ ಹಲ್ಲು ತೋರಿಸ್ಕೊಳ್ಳೋದಕ್ಕೆ ವೈಜ್ಞಾನಿಕ ಆಧಾರ ಏನಾದ್ರೂ ಇದೆಯಾ ಅಂತ ನೇರವಾಗಿ ಕೇಳಿದ್ರು. ಆಗ ಯಾರ ಹತ್ರಾನೂ ಸರಿಯಾದ ಉತ್ತರ ಇರ್ಲಿಲ್ಲ. ಉತ್ತರ ಹುಡುಕೋಕೆ ನಲವತ್ತು ವರ್ಷ ಹಿಡೀತು ನೋಡಿ. ಬ್ರಿಟನ್ನಿನಲ್ಲಿ ಇಂಟರ್ವಲ್ ಅಂತ ಒಂದು ಟ್ರಯಲ್ ಮಾಡಿದ್ರು, 51 ಕ್ಲಿನಿಕ್, 2372 ಜನ, ಕೆಲವರನ್ನ ಆರು ತಿಂಗಳಿಗೆ ಕರೆದ್ರು, ಕೆಲವರನ್ನ ಅವರವರ ರಿಸ್ಕ್ ನೋಡ್ಕೊಂಡು ಕರೆದ್ರು, ಹಲ್ಲು ಚೆನ್ನಾಗಿದ್ದ ಕೆಲವರನ್ನ ಎರಡು ವರ್ಷಕ್ಕೊಮ್ಮೆ ಕರೆದ್ರು. ಯಾರು ಯಾವ ಗುಂಪಿಗೆ ಅನ್ನೋದು ಡಾಕ್ಟರ ಇಷ್ಟ ಅಲ್ಲ, ಲಾಟರಿ ಎತ್ತಿದ ಹಾಗೆ ಹಂಚಿದ್ರು, ಇಲ್ದಿದ್ರೆ ಹಲ್ಲು ಹಾಳಾದವರನ್ನೆಲ್ಲ ಬೇಗ ಬೇಗ ಕರೆದು ಲೆಕ್ಕವೇ ಏರುಪೇರಾಗುತ್ತೆ. ನಾಲ್ಕು ವರ್ಷ ಆದ್ಮೇಲೆ ವಸಡಿನ ರಕ್ತ ನೋಡಿದ್ರೆ ಗುಂಪುಗಳ ನಡುವೆ ವ್ಯತ್ಯಾಸ ಕಾಣ್ಲಿಲ್ಲ. ಇದು ಪ್ರಕಟ ಆಗಿದ್ದು 2020ರಲ್ಲಿ. ಕ್ಲೀನಿಂಗ್ ಬಗ್ಗೆಯೇ ಇನ್ನೊಂದು ಟ್ರಯಲ್ ಆಗಿತ್ತು, ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡ್ ಕಡೆ, 63 ಕ್ಲಿನಿಕ್, 1877 ಜನ, ಮೂರು ವರ್ಷ. ಆರು ತಿಂಗಳಿಗೊಮ್ಮೆ ಸ್ಕೇಲಿಂಗ್ (ಹಲ್ಲಿಗೆ ಕಟ್ಟಿದ ಗಾರೆ ಕೆರೆದು ತೆಗೆಯೋ ಕ್ಲೀನಿಂಗ್) ಮಾಡಿಸಿದವರು, ವರ್ಷಕ್ಕೊಮ್ಮೆ ಮಾಡಿಸಿದವರು, ಮಾಡಿಸದೇ ಇದ್ದವರು, ಮೂರೂ ಗುಂಪಿನ ವಸಡು ಹೆಚ್ಚುಕಮ್ಮಿ ಒಂದೇ ಥರ ಇತ್ತು.

ಅಂದ್ರೆ ನಿಮ್ಮ ಲೇಖನ ಹೇಳಿದ ‘ಸಾಬೀತು’ ಸಾಬೀತಾಗೇ ಇಲ್ಲ. ಇಷ್ಟು ಓದಿ ಯಾರಾದ್ರೂ ‘ಹಂಗಾದ್ರೆ ಕ್ಲೀನಿಂಗ್ ಬರೀ ದುಡ್ಡು ಹೊಡೆಯೋ ದಂಧೆ’ ಅಂತ ವಾಟ್ಸಾಪ್ ಹಾಕೋಕೆ ಮುಂಚೆ ಸ್ವಲ್ಪ ತಡೀರಿ, ಏಕಂದ್ರೆ ನಾನು ಹೇಳಬೇಕಾಗಿರೋದು ಇಲ್ಲೇ ಇದೆ.

ಆ ಎರಡೂ ಟ್ರಯಲ್‌ಗೆ ಸೇರಿಸ್ಕೊಂಡಿದ್ದು ಯಾರನ್ನ? ವರ್ಷಗಟ್ಟಲೆ ರೆಗ್ಯುಲರ್ ಆಗಿ ಡೆಂಟಿಸ್ಟ್ ಹತ್ರ ಹೋಗ್ತಿದ್ದ ಜನಾನ. ಸ್ಕೇಲಿಂಗ್ ಟ್ರಯಲ್‌ನಲ್ಲಂತೂ ವಸಡು ತೀರಾ ಹಾಳಾದವರನ್ನ ಮೊದಲೇ ಹೊರಗಿಟ್ಟಿದ್ರು. ನಮ್ಮಲ್ಲಿ ಐವತ್ತು ವಯಸ್ಸಿಗೆ ಜೀವನದಲ್ಲಿ ಮೊದಲ ಸಲ ಡೆಂಟಲ್ ಕುರ್ಚಿ ಮೇಲೆ ಕೂರೋರು ದಿನಾ ಬರ್ತಾರೆ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಗಾರೆ ಕಟ್ಟಿ ಕಟ್ಟಿ ನಾಲ್ಕೈದು ಹಲ್ಲೂ ಒಂದೇ ಕಲ್ಲಾಗಿರುತ್ತೆ, ಸ್ಕೇಲರ್ ತುದಿ ಇಟ್ರೆ ಚೂರು ಚೂರಾಗಿ ಎದ್ದು ಟ್ರೇಗೆ ಬೀಳುತ್ತೆ, ತೆಗೆದಾದ್ಮೇಲೆ ಅವರು ನಾಲಿಗೆ ಆಡಿಸಿ ನೋಡ್ಕೊಂಡು ‘ಹಲ್ಲು ಸಂದಿ ಬಿಟ್ಟೋಯ್ತಲ್ಲ ಸಾರ್’ ಅಂತ ಗಾಬರಿ ಆಗ್ತಾರೆ, ಅಲ್ಲಿ ಸಂದಿ ಮೊದಲಿಂದಾನೂ ಇತ್ತು, ಗಾರೆ ಮುಚ್ಕೊಂಡಿತ್ತು ಅಷ್ಟೆ. ಇವರ ಜೊತೆ ಶುಗರ್ ಇರೋರು, ಬೀಡಿ ಸೇದೋರು ಬೇರೆ. ಇಂಥವರಿಗೆ ಇಂಗ್ಲೆಂಡಿನ ರಿಸಲ್ಟ್ ತೋರಿಸಿ ಮನೆಗೆ ಕಳಿಸಿದ್ರೆ ಹಲ್ಲು ಅಲ್ಲಾಡಿ ಬೀಳೋದೇ ಗತಿ. ಚಿಕಿತ್ಸೆಗೆ ಗೈಡ್‌ಲೈನ್ ಮಾಡೋ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ 2004ರ ಗೈಡ್‌ಲೈನ್‌ನಲ್ಲೇ ದೊಡ್ಡವರಿಗೆ ಮೂರು ತಿಂಗಳಿಂದ ಹಿಡಿದು ಎರಡು ವರ್ಷದ ತನಕ, ಅವರವರ ಬಾಯಿ ನೋಡ್ಕೊಂಡು ಗಡುವು ಕೊಡಿ ಅಂತ ಹೇಳಿಬಿಟ್ಟಿದೆ. ಎಲ್ಲರಿಗೂ ಆರು ತಿಂಗಳು ಅನ್ನೋದೂ ತಪ್ಪು, ಯಾರಿಗೂ ಬೇಡ ಅನ್ನೋದೂ ತಪ್ಪು.

ಇನ್ನು ಆಂಟಿಬಯಾಟಿಕ್. ಇದರ ಬಗ್ಗೆ ನನಗೆ ನಿಜವಾಗ್ಲೂ ಸಿಟ್ಟು ಬಂತು. ರಾತ್ರಿ ನಿದ್ದೆ ಕೆಡಿಸೋ, ತಣ್ಣೀರು ಬಿಸಿನೀರು ತಾಗಿದ್ರೆ ಜೀವ ಹೋಗೋ ಅಂಥ ನೋವು ಏನಿದೆ, ಅದು ಹಲ್ಲಿನ ಒಳಗಿನ ನರ ಊದ್ಕೊಂಡಿದ್ದಕ್ಕೆ ಬರೋದು. ಸುತ್ತ ಗಟ್ಟಿ ಗೋಡೆ, ಊದೋಕೆ ಜಾಗ ಇಲ್ಲ, ಅದಕ್ಕೇ ಆ ಪರಿ ನೋವು. ಹಲ್ಲು ತೆರೆದು ಒತ್ತಡ ಬಿಡಿಸ್ಬೇಕು, ರೂಟ್ ಕೆನಾಲ್ ಮಾಡ್ಬೇಕು ಇಲ್ಲಾ ಕೀಳಬೇಕು, ಬೇರೆ ದಾರಿ ಇಲ್ಲ. ನರ ಸತ್ತೇ ಹೋಗಿದ್ರೆ ಅಲ್ಲಿಗೆ ರಕ್ತವೇ ಹರಿಯಲ್ಲ, ನುಂಗಿದ ಮಾತ್ರೆ ಒಳಗೆ ಹೋಗೋದಾದ್ರೂ ಹೇಗೆ?

ಇದನ್ನ ಪರೀಕ್ಷೆ ಮಾಡಿಯೂ ನೋಡಿದಾರೆ. 2000ನೇ ಇಸವಿಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಟ್ರಯಲ್, ಇಂಥ ನೋವು ಇದ್ದ 40 ಜನ, ಅರ್ಧ ಜನಕ್ಕೆ ಏಳು ದಿನ ಪೆನಿಸಿಲಿನ್, ಇನ್ನರ್ಧಕ್ಕೆ ನೋಡೋಕೆ ಅದೇ ಥರ ಇರೋ ಸುಮ್ನೆ ಮಾತ್ರೆ, ಎಲ್ಲರಿಗೂ ನೋವಿನ ಮಾತ್ರೆ ಕೊಟ್ಟು ಬೇಕಾದಾಗ ತಗೊಳ್ಳಿ ಅಂದ್ರು. ದಿನಾ ನೋವು ಎಷ್ಟಿದೆ ಅಂತ ಬರೆಸಿದ್ರು, ನೋವಿನ ಮಾತ್ರೆ ಎಷ್ಟು ನುಂಗಿದ್ರಿ ಅಂತಾನೂ ಬರೆಸಿದ್ರು. ಪೆನಿಸಿಲಿನ್ ತಗೊಂಡವರಿಗೂ ತಗೊಳ್ದೋರಿಗೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಬರ್ಲಿಲ್ಲ. ನಲವತ್ತೇ ಜನ, ಚಿಕ್ಕ ಸ್ಟಡಿ, ಇದನ್ನ ತೂಗಿ ನೋಡಿದ ಕಾಕ್ರೇನ್ (ಒಂದು ಪ್ರಶ್ನೆ ಬಗ್ಗೆ ಜಗತ್ತಲ್ಲಿ ಆದ ಟ್ರಯಲ್‌ಗಳನ್ನೆಲ್ಲ ಒಟ್ಟಿಗೆ ತೂಗೋ ಸಂಸ್ಥೆ) ವಿಮರ್ಶಕರೂ ಪುರಾವೆ ಅಷ್ಟು ಗಟ್ಟಿ ಅಲ್ಲ ಅಂತ ಒಪ್ಕೊಂಡಿದಾರೆ. ಆದ್ರೆ ಆಂಟಿಬಯಾಟಿಕ್ ಕೆಲಸ ಮಾಡುತ್ತೆ ಅನ್ನೋದಕ್ಕೆ ಅಷ್ಟೂ ಇಲ್ಲ. 2019ರಲ್ಲಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಗೈಡ್‌ಲೈನ್ ಬಂತು, ಹಲ್ಲಿಗೆ ತಕ್ಷಣ ಚಿಕಿತ್ಸೆ ಸಿಗೋ ಹಾಗಿದ್ರೆ ಬಹುಪಾಲು ಹಲ್ಲು ನೋವಿಗೆ ಆಂಟಿಬಯಾಟಿಕ್ ಬೇಡ ಅಂತ. ಮುಖ ಊದ್ಕೊಂಡು, ಜ್ವರ ಬಂದು, ನುಂಗೋಕೆ ಕಷ್ಟ ಆಗ್ತಿದ್ರೆ ಅದು ಬೇರೆ ವಿಷಯ, ಅವಾಗ ಮಾತ್ರೆನೂ ಬೇಕು, ತಡಮಾಡದೆ ಆಸ್ಪತ್ರೆಗೂ ಓಡ್ಬೇಕು.

ನಮ್ಮಲ್ಲಿ ನಡೆಯೋದೇನು? ಮೆಡಿಕಲ್ ಶಾಪಿಗೆ ಹೋಗಿ ದವಡೆ ಹಿಡ್ಕೊಂಡು ನಿಂತ್ರೆ ಸಾಕು, ಚೀಟಿ ಗೀಟಿ ಏನೂ ಕೇಳಲ್ಲ, ಅಮಾಕ್ಸಿಸಿಲಿನ್ನೋ ಓಫ್ಲಾಕ್ಸಸಿನ್-ಆರ್ನಿಡಜೋಲೋ ಒಂದಷ್ಟು, ಜೊತೆಗೊಂದು ಪೇನ್ ಕಿಲ್ಲರ್, ಒಂದು ಗ್ಯಾಸ್ ಮಾತ್ರೆ, ಪೇಪರ್ ಕವರಲ್ಲಿ ಹಾಕಿ ಕೊಟ್ಬಿಡ್ತಾರೆ. ಭೇದಿಗೂ ಅದೇ ಮಾತ್ರೆ, ಹಲ್ಲಿಗೂ ಅದೇ ಮಾತ್ರೆ. ಎರಡು ದಿನಕ್ಕೆ ನೋವು ಇಳಿಯುತ್ತೆ, ಇಳಿಸಿದ್ದು ಪೇನ್ ಕಿಲ್ಲರ್, ಇಲ್ಲಾ ನರವೇ ಸತ್ತಿರುತ್ತೆ, ಹೆಸರು ಮಾತ್ರ ಆಂಟಿಬಯಾಟಿಕ್‌ಗೆ. ಆಮೇಲೆ ಮೂರ್ನಾಲ್ಕು ತಿಂಗಳಿಗೆ ಕೀವು ತುಂಬ್ಕೊಂಡು ಬರ್ತಾರೆ, ಅಷ್ಟರಲ್ಲಿ ಉಳಿಸಬಹುದಾಗಿದ್ದ ಹಲ್ಲು ಕೀಳೋ ಸ್ಥಿತಿಗೆ ಬಂದಿರುತ್ತೆ. ಡೆಂಟಿಸ್ಟ್‌ಗಳಲ್ಲೂ ಬೇಕಾದಷ್ಟು ಜನ ಅಭ್ಯಾಸಬಲದಿಂದ ಬರೀತಾರೆ, ಬರೀದಿದ್ರೆ ಪೇಷಂಟ್ ‘ಈ ಡಾಕ್ಟ್ರು ಮಾತ್ರೆನೇ ಕೊಡ್ಲಿಲ್ಲ’ ಅಂತ ಪಕ್ಕದ ಕ್ಲಿನಿಕ್ಕಿಗೆ ಹೋಗ್ತಾರೆ ಅನ್ನೋ ಭಯಕ್ಕೂ ಬರೀತಾರೆ. ಇಂಥದ್ರಲ್ಲಿ ಪೇಪರೇ ಮೊದಲು ಕೋರ್ಸ್ ಮುಗಿಸಿ ಅಂತ ಬರೆದ್ರೆ ನಾವು ಏನಂತ ಹೇಳೋದು?

ಸರಿ, ಬೈದಿದ್ದಾಯ್ತು. ಈಗ ನನ್ನ ಅಸಲಿ ಪ್ರಶ್ನೆಗೆ ಬರ್ತೀನಿ. ಮೇಲೆ ಹೇಳಿದ ಸ್ಟಡಿ ಎಲ್ಲ ಬ್ರಿಟನ್ನಿಂದು, ಅಮೆರಿಕದ್ದು. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ. ಎಂಡಿಎಸ್, ಅಂದ್ರೆ ಡೆಂಟಲ್ ಪಿಜಿ ಮಾಡೋ ಪ್ರತಿಯೊಬ್ಬರೂ ಒಂದು ಥೀಸಿಸ್ ಬರೀಲೇಬೇಕು, ರಾಜೀವ್ ಗಾಂಧಿ ಆರೋಗ್ಯ ವಿವಿ ಒಂದೇ ಲೆಕ್ಕ ಹಾಕಿದ್ರೂ ವರ್ಷಕ್ಕೆ ನೂರಾರು ಆಗುತ್ತೆ, ಡೀಮ್ಡ್ ವಿವಿಗಳದ್ದು ಬೇರೆ. ಇಷ್ಟು ಥೀಸಿಸ್ ಇದ್ದೂ ನಮ್ಮ ಊರಿನ ಬಾಯಿಗೆ ಸಂಬಂಧಪಟ್ಟ ಪ್ರಶ್ನೆಗೆ ನಾವು ಯಾಕೆ ಬ್ರಿಟನ್ ಕಡೆ ನೋಡ್ಬೇಕು?

ಕಾಲೇಜಲ್ಲಿ ಇದ್ದೋರಿಗೆ ಗೊತ್ತು ಥೀಸಿಸ್ ಹೇಗೆ ಹುಟ್ಟುತ್ತೆ ಅಂತ. ಸೇರಿದ ಕೆಲವೇ ತಿಂಗಳಲ್ಲಿ ಸಿನಾಪ್ಸಿಸ್, ಅಂದ್ರೆ ಥೀಸಿಸ್‌ನಲ್ಲಿ ಏನು ಮಾಡ್ತೀನಿ ಅನ್ನೋ ಸಾರಾಂಶ ಕೊಡ್ಬೇಕು, ಪಾಪ ಆ ಹುಡುಗ ಹುಡುಗಿಗೆ ಆಗಿನ್ನೂ ಡಿಪಾರ್ಟ್‌ಮೆಂಟಲ್ಲಿ ಯಾವ ಕಪಾಟಲ್ಲಿ ಏನಿದೆ ಅಂತಾನೇ ಗೊತ್ತಿರಲ್ಲ. ಸೀನಿಯರ್ ಹಳೇ ಟಾಪಿಕ್ ಕೊಡ್ತಾರೆ, ಫಿಲ್ಲಿಂಗ್ ಮೆಟೀರಿಯಲ್ ಹೆಸರು ಮಾತ್ರ ಬದಲಾಗುತ್ತೆ. ಸುಲಭ ಅಂದ್ರೆ ಕಿತ್ತ ಹಲ್ಲಿನ ಮೇಲೆ ಮಾಡೋದು. ವಕ್ರ ಹಲ್ಲಿಗೆ ಕ್ಲಿಪ್ ಹಾಕೋಕೆ ಅಂತ ತೆಗೆದ ಪ್ರೀಮೋಲಾರ್‌ಗಳನ್ನ (ಕೋರೆಹಲ್ಲಿನ ಹಿಂದಿನ ಹಲ್ಲು) ಪ್ಲಾಸ್ಟಿಕ್ ಡಬ್ಬಿಲಿ ಸಲೈನ್ ಹಾಕಿ ಕೂಡಿಡೋದು, ಅರವತ್ತು ಆಗೋ ತನಕ ಓರಲ್ ಸರ್ಜರಿ ಡಿಪಾರ್ಟ್‌ಮೆಂಟ್ ಬಾಗಿಲು ಕಾಯೋದು, ನಾಲ್ಕು ಗುಂಪು ಮಾಡಿ ನಾಲ್ಕು ಕಂಪನಿ ಮೆಟೀರಿಯಲ್ ತುಂಬಿ ಬಣ್ಣದ ನೀರಲ್ಲಿ ಮುಳುಗಿಸಿ ಸೀಳಿ ಸೋರಿಕೆ ಎಷ್ಟಾಯ್ತು ಅಂತ ಅಳೆಯೋದು. ಇದಕ್ಕೆ ಪೇಷಂಟ್ ವಾಪಸ್ ಬರ್ಬೇಕಾಗಿಲ್ಲ, ಫಾಲೋಅಪ್ ಇಲ್ಲ, ಎಥಿಕ್ಸ್ ಕಮಿಟಿಲಿ ಜಾಸ್ತಿ ಪ್ರಶ್ನೆ ಇಲ್ಲ. ಪ್ರಯೋಗಾಲಯದ ಕೆಲಸ ಬೇಡ ಅಂತಲ್ಲ, ಅದು ಮೊದಲ ಮೆಟ್ಟಿಲು, ಆದ್ರೆ ಎಲ್ಲರೂ ಆ ಮೆಟ್ಟಿಲ ಮೇಲೇ ಕೂತ್ರೆ? ಆ ಡಬ್ಬಿಲಿದ್ದ ಹಲ್ಲು ಬಾಯಲ್ಲಿ ಎರಡು ವರ್ಷ ರಾಗಿಮುದ್ದೆ, ಕಾಫಿ, ಎಲೆಅಡಿಕೆ ಎಲ್ಲ ಕಂಡಾಗ ಫಿಲ್ಲಿಂಗ್ ಉಳಿಯುತ್ತಾ ಅಂತ ಕೇಳಿದ್ರೆ ಅದಕ್ಕೆ ಉತ್ತರ ಇಲ್ಲ. ಪೇಷಂಟ್ ಮೇಲೆ ಮಾಡಿದ್ರೂ ಗುಂಪಿಗೆ ಹದಿನೈದು ಇಪ್ಪತ್ತು ಜನ, ಮೂರು ತಿಂಗಳು, ಮುಗೀತು. ಬೈಂಡಿಂಗ್ ಮಾಡಿಸಿ ಲೈಬ್ರರಿಗೆ ಕೊಟ್ರೆ ಮುಂದಿನ ಬ್ಯಾಚಿನ ಹುಡುಗ ಪೀಠಿಕೆ ಕಾಪಿ ಮಾಡೋಕೆ ಮಾತ್ರ ತೆಗೀತಾನೆ.

ನಮ್ಮದೇ ಪ್ರಶ್ನೆ ಅಂದ್ರೆ ಯಾವುದು ಅಂತೀರಾ? ಅಡಿಕೆ. ನಾನಿರೋದು ಅಡಿಕೆ ಸೀಮೆ, ನಮ್ಮನೇಲೂ ತೋಟ ಇದೆ, ಬೆಳೆಗಾರರು ನನ್ನ ಮೇಲೆ ಕೋಪ ಮಾಡ್ಕೋಬೇಡಿ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ ಹೊರತಂದ ವರದಿ ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದೆ. ರಾಜ್ಯದಲ್ಲಿ 2013ರಿಂದ ಗುಟ್ಕಾ ಬ್ಯಾನ್, ಅದಕ್ಕೇ ಬೇರೆ ಬೇರೆ ಮಾಡಿ ಮಾರ್ತಾರೆ, ಪಾನ್ ಮಸಾಲಾ ಒಂದು ಪ್ಯಾಕೆಟ್ಟು, ತಂಬಾಕು ಒಂದು ಪ್ಯಾಕೆಟ್ಟು, ಎರಡೂ ಒಂದೇ ಅಂಗಡಿಲಿ ಒಂದೇ ದಾರಕ್ಕೆ ನೇತಾಡ್ತಾವೆ, ಹುಡುಗ್ರು ಅಂಗೈಲಿ ಸೇರಿಸ್ಕೊಂಡು ಬಾಯಿಗೆ ಹಾಕ್ಕೋತಾರೆ. ಇಪ್ಪತ್ತೈದು ವರ್ಷದ ಆಟೋ ಹುಡುಗ ಬರ್ತಾನೆ, ಖಾರ ತಿಂದ್ರೆ ಉರಿ ಅಂತಾನೆ. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಇಟ್ಕೊಳ್ಳಪ್ಪಾ ಅಂದ್ರೆ ಎರಡೂ ಹಿಡಿಸಲ್ಲ. ಕೆನ್ನೆ ಒಳಗೆ ಬೆಳ್ಳಗೆ ಬಿಳಿಚ್ಕೊಂಡಿರುತ್ತೆ, ಬೆರಳಾಡಿಸಿದ್ರೆ ಒಳಗೆ ಹಗ್ಗ ಎಳೆದ ಹಾಗೆ ಬಿಗಿ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತೀವಿ. ಕೆಲವರಲ್ಲಿ ಮುಂದೆ ಕ್ಯಾನ್ಸರ್‌ಗೆ ತಿರುಗುತ್ತೆ.

ಇದಕ್ಕೆ ಯಾವ ಔಷಧಿ ಕೆಲಸ ಮಾಡುತ್ತೆ ಅಂತ 2008ರಲ್ಲಿ ಕಾಕ್ರೇನ್ ಸಂಸ್ಥೆಯವರು ಜಗತ್ತಿನ ಟ್ರಯಲ್ ಎಲ್ಲ ಜಾಲಾಡಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಎರಡೇ ಎರಡು, ಎರಡೂ ಸೇರಿ 87 ಜನ. ಅದರಲ್ಲೊಂದು ನಮ್ಮ ಬೆಳಗಾವಿಯದ್ದು, 58 ಜನರ ಮೇಲೆ, ಟೊಮೆಟೊಗೆ ಕೆಂಪು ಬಣ್ಣ ಕೊಡೋ ಲೈಕೋಪಿನ್ ಅನ್ನೋ ವಸ್ತುವನ್ನ ಸುಮ್ನೆ ಮಾತ್ರೆ ಜೊತೆ ಹೋಲಿಸಿ ಮಾಡಿದ್ದು. ನೋಡಿ, ನಮ್ಮ ಕಾಲೇಜಿನೋರು ಸರಿಯಾದ ಪ್ರಶ್ನೆ ಹಿಡಿದ್ರೆ ಜಗತ್ತಿನ ಲೆಕ್ಕಕ್ಕೆ ಸೇರುತ್ತೆ! ಆದ್ರೂ ವಿಮರ್ಶಕರ ಕೊನೆ ಮಾತು, ಯಾವ ಚಿಕಿತ್ಸೆ ಬಗ್ಗೆಯೂ ನಂಬುವಂಥ ಪುರಾವೆ ಸಾಲದು ಅಂತ. ಈ ಕಾಯಿಲೆ ಹೆಚ್ಚು ಇರೋದೇ ನಮ್ಮ ದೇಶದ ಕಡೆ, ಪೇಷಂಟ್‌ಗಳು ನಮ್ಮ ಓಪಿಡಿಲಿ ಕ್ಯೂ ನಿಂತಿದಾರೆ, ಇದಕ್ಕೆ ಉತ್ತರ ನಾವು ಹುಡುಕದೆ ಸ್ವೀಡನ್ನಿನೋರು ಹುಡುಕ್ತಾರಾ?

ನಮ್ಮ ಕೈಲಿ ದೊಡ್ಡದು ಆಗಲ್ಲ, ದುಡ್ಡಿಲ್ಲ ಅನ್ನೋರಿಗೆ ಪಕ್ಕದ ತಿರುವನಂತಪುರ ತೋರಿಸ್ತೀನಿ. 1996ರಲ್ಲಿ ಶುರು ಮಾಡಿದ್ರು, 13 ಪಂಚಾಯ್ತಿ, ಮೂವತ್ತೈದು ದಾಟಿದ ಸುಮಾರು 1.9 ಲಕ್ಷ ಜನ. ಏಳು ಪಂಚಾಯ್ತಿಲಿ ಡಾಕ್ಟರಲ್ಲದ, ಟ್ರೈನಿಂಗ್ ಕೊಟ್ಟ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದ್ರು, ಆರರಲ್ಲಿ ಮಾಮೂಲಿ ವ್ಯವಸ್ಥೆ. ಮಷೀನ್ ಇಲ್ಲ, ಸ್ಕ್ಯಾನ್ ಇಲ್ಲ, ಬೆಳಕಲ್ಲಿ ಕಣ್ಣಿಂದ ನೋಡೋದು ಅಷ್ಟೆ. 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಲೆಕ್ಕದ ಪ್ರಕಾರ ತಂಬಾಕು ಅಥವಾ ಮದ್ಯ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು 34 ಪರ್ಸೆಂಟ್ ಕಮ್ಮಿ. ಎಲ್ಲರನ್ನೂ ಸೇರಿಸಿ ನೋಡಿದಾಗ ಮಾತ್ರ ವ್ಯತ್ಯಾಸ ಅಷ್ಟು ಖಚಿತವಾಗಿರ್ಲಿಲ್ಲ, ಅದನ್ನೂ ಮುಚ್ಚಿಡದೆ ಬರೆದಿದಾರೆ. ಅಂದ್ರೆ ಯಾರ ಬಾಯಿ ನೋಡಿದ್ರೆ ಪ್ರಯೋಜನ ಅನ್ನೋದೂ ಗೊತ್ತಾಯ್ತು. ನಮ್ಮ ಕಡೆ ಮನೆಮನೆಗೆ ಹೋಗೋ ಆಶಾ ಅಕ್ಕಂದಿರಿದಾರೆ, ಅವರಿಗೆ ಈಗಾಗ್ಲೇ ಹೊರಲಾರದಷ್ಟು ಕೆಲಸ ಹೇರಿದೀವಿ ಅನ್ನೋದೂ ನಿಜ, ಈ ಕೆಲಸ ಕೊಟ್ರೆ ಇದಕ್ಕೆ ಅಂತ ಬೇರೆ ದುಡ್ಡು ಕೊಡ್ಲೇಬೇಕು.

ಕಾಲೇಜೇ ಬೇಕು ಅಂತಾನೂ ಇಲ್ಲ. ಸ್ಕಾಟ್ಲೆಂಡಿನಲ್ಲಿ ನಾರ್ನಾ ಹಾಲ್ ಅಂತ ನಮ್ಮ ಥರಾನೇ ಕ್ಲಿನಿಕ್ ನಡೆಸ್ತಿದ್ದ ಡೆಂಟಿಸ್ಟ್. ಮಕ್ಕಳ ಹಾಲುಹಲ್ಲಿನ ಹುಳುಕಿಗೆ ಇಂಜೆಕ್ಷನ್ ಇಲ್ಲ, ಡ್ರಿಲ್ಲಿಂಗ್ ಇಲ್ಲ, ಹುಳುಕನ್ನ ಹಾಗೇ ಬಿಟ್ಟು ಮೇಲೆ ಸ್ಟೀಲ್ ಕ್ಯಾಪ್ ಸಿಮೆಂಟ್ ಹಾಕಿ ಒತ್ತಿಬಿಡೋದು, ಒಳಗಿನ ಬ್ಯಾಕ್ಟೀರಿಯಾಕ್ಕೆ ಆಹಾರ ಸಿಗದೆ ಹುಳುಕು ನಿಂತು ಹೋಗುತ್ತೆ. ಪುಸ್ತಕ ಓದಿದೋರಿಗೆ ಇದು ಅನಾಚಾರ! ಆದ್ರೆ ಆಯಮ್ಮ 1988ರಿಂದ 2001ರ ತನಕ ಹಾಕಿದ ಕ್ಯಾಪ್‌ಗಳ ರೆಕಾರ್ಡ್ ನೀಟಾಗಿ ಇಟ್ಟಿದ್ರು, 259 ಮಕ್ಕಳು, 978 ಕ್ಯಾಪ್. ಡಂಡೀ ವಿವಿಯವರು ಆ ರೆಕಾರ್ಡ್ ಕೂತು ನೋಡಿ, ಆಮೇಲೆ 17 ಜನ ಸಾಮಾನ್ಯ ಡೆಂಟಿಸ್ಟ್‌ಗಳ ಕ್ಲಿನಿಕ್‌ನಲ್ಲೇ 132 ಮಕ್ಕಳ ಮೇಲೆ ಟ್ರಯಲ್ ಮಾಡಿದ್ರು. ಒಂದೇ ಮಗುವಿನ ಬಾಯಲ್ಲಿ ಒಂದು ಹಲ್ಲಿಗೆ ಕ್ಯಾಪ್, ಇನ್ನೊಂದಕ್ಕೆ ಮಾಮೂಲಿ ಫಿಲ್ಲಿಂಗ್. ಐದು ವರ್ಷದಲ್ಲಿ ನೋವು, ಕೀವು ಅಂಥ ದೊಡ್ಡ ತೊಂದರೆ ಆಗಿದ್ದು ಕ್ಯಾಪ್ ಹಾಕಿದ ಹಲ್ಲುಗಳಲ್ಲಿ 3 ಪರ್ಸೆಂಟ್, ಫಿಲ್ಲಿಂಗ್ ಮಾಡಿದವುಗಳಲ್ಲಿ 16.5 ಪರ್ಸೆಂಟ್. ಈಗ ಜಗತ್ತಿನಲ್ಲೆಲ್ಲ ಅದನ್ನ ಹಾಲ್ ಟೆಕ್ನಿಕ್ ಅಂತಾನೇ ಕರೀತಾರೆ. ನಮ್ಮ ಬಹುಪಾಲು ಕ್ಲಿನಿಕ್‌ಗಳಲ್ಲಿ ರೆಕಾರ್ಡ್ ಅಂದ್ರೆ ಅಪಾಯಿಂಟ್‌ಮೆಂಟ್ ಡೈರಿ, ವರ್ಷ ಮುಗಿದ್ರೆ ರದ್ದಿಗೆ.

ಹಾಗಾಗಿ ನಾನು ಕೇಳೋದು ದೊಡ್ಡದೇನಲ್ಲ. ವಿವಿಯವರು ವರ್ಷಕ್ಕೆ ನಾಲ್ಕೈದು ಪ್ರಶ್ನೆ ಆರಿಸ್ಲಿ, ಬಾಯಿ ಬಿಗಿತಕ್ಕೆ ಯಾವ ಚಿಕಿತ್ಸೆ, ಪಾವಗಡ ಮುಂಡರಗಿ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳಿಗೆ ಏನು ಮಾಡಿದ್ರೆ ಬಾಳಿಕೆ ಬರುತ್ತೆ, ಸರ್ಕಾರ ದಂತಭಾಗ್ಯದಲ್ಲಿ ಕೊಟ್ಟ ಹಲ್ಲುಸೆಟ್ಟನ್ನ ಅಜ್ಜಿ ತಾತಂದಿರು ವರ್ಷ ಆದ್ಮೇಲೆ ಹಾಕ್ಕೊಂಡು ಊಟ ಮಾಡ್ತಿದಾರಾ ಅಥವಾ ಡಬ್ಬಿಲಿ ಇಟ್ಟಿದಾರಾ, ಇಂಥವು. ಹತ್ತು ಕಾಲೇಜು ಸೇರಿ ಒಂದೇ ಪ್ರಶ್ನೆ, ಒಂದೇ ಅಳತೆ, ಕಾಲೇಜಿಗೆ ನಲವತ್ತು ಪೇಷಂಟ್ ಅಂದ್ರೂ ನಾನೂರು ಆಗುತ್ತೆ, ಬ್ಯಾಚ್ ಬದಲಾದ್ರೂ ಫಾಲೋಅಪ್ ಮುಂದಿನೋರು ಮುಂದುವರಿಸ್ಬಹುದು. ಶುರು ಮಾಡೋ ಮುಂಚೆ ಸಿಟಿಆರ್‌ಐನಲ್ಲಿ, ಅಂದ್ರೆ 2007ರಿಂದ ಇರೋ ದೇಶದ ಟ್ರಯಲ್ ದಾಖಲೆಲಿ ನೋಂದಾಯಿಸ್ಲಿ, 2018ರ ಏಪ್ರಿಲ್‌ನಿಂದ ಟ್ರಯಲ್ ಶುರು ಮಾಡಿ ಆಮೇಲೆ ಅಲ್ಲಿ ಸೇರಿಸೋಕೆ ಬರಲ್ಲ, ಅದು ಒಳ್ಳೇದೇ, ರಿಸಲ್ಟ್ ನೋಡ್ಕೊಂಡು ಪ್ರಶ್ನೆ ಬದಲಾಯಿಸೋ ಚಾಳಿ ತಪ್ಪುತ್ತೆ. ಕೆಲಸ ಮಾಡ್ಲಿಲ್ಲ ಅನ್ನೋ ಫಲಿತಾಂಶಕ್ಕೂ ಅಷ್ಟೇ ಮಾರ್ಕ್ಸ್ ಕೊಡ್ಲಿ, ಈಗ ಅಂಥದ್ದು ಬಂದ್ರೆ ಹುಡುಗ್ರು ಗೈಡ್ ಮುಖ ನೋಡೋಕೆ ಹೆದರ್ತಾರೆ.

ಮತ್ತೆ ನಿಮಗೆ ಒಂದು ವಿನಂತಿ. ಆರೋಗ್ಯದ ಲೇಖನ ಹಾಕುವಾಗ ‘ಸಂಶೋಧನೆ ಪ್ರಕಾರ’ ಅಂತ ಬಂದ ಕಡೆ, ಎಷ್ಟು ಜನರ ಮೇಲೆ, ಎಲ್ಲಿ, ಎಷ್ಟು ದಿನ ಅಂತ ಬರೆದವರನ್ನ ಕೇಳಿ ಒಂದೇ ಒಂದು ಸಾಲು ಸೇರಿಸಿ. ಕೇಳಿದ್ಮೇಲೆ ಅವರ ಹತ್ರ ಉತ್ತರ ಇಲ್ದಿದ್ರೆ ಆ ವಾಕ್ಯ ತೆಗೆದುಹಾಕಿ. ಆಂಟಿಬಯಾಟಿಕ್ ಸಲಹೆಗೆ ಮಾತ್ರ ಬರೋ ವಾರವೇ ಅದೇ ಪುಟದಲ್ಲಿ, ಅದೇ ಸೈಜಿನ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಮೂಲೇಲಿ ಸಣ್ಣಕ್ಷರದಲ್ಲಿ ಹಾಕಿದ್ರೆ ನಮ್ಮ ಪೇಷಂಟ್‌ಗಳ ಕಣ್ಣಿಗೆ ಬೀಳಲ್ಲ.

ಇತಿ,
ದಾವಣಗೆರೆ ಜಿಲ್ಲೆಯ ಒಬ್ಬ ದಂತವೈದ್ಯ